ತೆರೆದಿತ್ತು ಎಂದೆ

ಸ್ವೀಡನ್ನಿನ ಸುಂಡ್‌ಬೀಬರ್ಯ್‌ ಪಟ್ಟಣದಲ್ಲಿ ನಾನಿರುವ ಬಾಡಿಗೆ ಕಟ್ಟಡದ ಅಂಗಳದ ಹಿಮ ತಳ್ಳಲು ಹಳೆಯ ಯಂತ್ರವೊಂದಿದೆ. ಮೊದಲ ಹಿಮ ಬಿದ್ದ ಬೆಳಿಗ್ಗೆ ಕಟ್ಟಡ ನೋಡಿಕೊಳ್ಳುವಾತ ಅದರ ಹಗ್ಗ ಎಳೆಯುತ್ತಾನೆ. ಐದನೆಯ ಎಳೆತಕ್ಕೋ ಆರನೆಯದಕ್ಕೋ ಅದು ಕೆಮ್ಮಿ ಶುರುವಾಗುತ್ತದೆ. ಆಯಿಲ್ ಬೆರೆತ ಪೆಟ್ರೋಲಿನ ನೀಲಿ ಹೊಗೆ ಮೂರನೆಯ ಮಹಡಿಯ ನನ್ನ ಅಡುಗೆಮನೆಯವರೆಗೂ ಏರಿ ಬರುತ್ತದೆ. ಈ ವರ್ಷವೂ ಬಂತು. ನಾನು ಎದ್ದು ಕಿಟಕಿ ಮುಚ್ಚಿದೆ. ಇಲ್ಲಿನ ಕಿಟಕಿಯ ಹಿಡಿ ಕಾಲು ಸುತ್ತು ತಿರುಗುತ್ತದೆ. ಮುಚ್ಚಿದ ಮೇಲೂ ಕೈ ಅಲ್ಲಿಯೇ ಇತ್ತು. ಯಾಕೋ ಅದನ್ನು ತೆರೆದೆ, ಮತ್ತೆ ಮುಚ್ಚಿದೆ, ಮತ್ತೆ ತೆರೆದೆ. ಕಾಫಿ ಆರಿಹೋಗಿತ್ತು.

ಆ ಚಳಿಗಾಲದ ಬಗ್ಗೆ ನಾನು ಯಾರ ಬಳಿಯೂ ಮಾತಾಡಿಲ್ಲ. ಬರೆದಿಡುತ್ತಿರುವುದು ಇದೇ ಮೊದಲು.

2006ರ ಜನವರಿ. ಆಗ ನನಗೆ ಇಪ್ಪತ್ತನಾಲ್ಕು. ಸ್ವೀಡನ್ನಿನ ಉತ್ತರದ ವಿಶ್ವವಿದ್ಯಾಲಯವೊಂದರಲ್ಲಿ ಎಂ.ಎಸ್ಸಿ.ಯ ಕೊನೆಯ ವರ್ಷ. ಪ್ರಬಂಧಕ್ಕಾಗಿ ನಾನು ಅಳೆಯಬೇಕಾಗಿದ್ದದ್ದು ಹಿಮದ ಆಳ ಮತ್ತು ತೂಕ. ವಾರಕ್ಕೆ ಎರಡು ಸಲ ಒಂದೇ ಜಾಗದಲ್ಲಿ ಹಿಮ ಅಗೆದು, ಪದರ ಪದರವಾಗಿ ತೂಗಿ, ಬರೆದುಕೊಳ್ಳುವುದು. ಅದಕ್ಕಾಗಿ ಮೂವತ್ತು ಮನೆಗಳ ಒಂದು ಊರಿನಲ್ಲಿ ಕೋಣೆ ಹಿಡಿದಿದ್ದೆ. ಊರಿನ ಮುಂದೆ ಉದ್ದನೆಯ ಸರೋವರ, ಅಕ್ಟೋಬರ್ ಕೊನೆಯಿಂದಲೇ ಹೆಪ್ಪುಗಟ್ಟಿದ್ದು. ನನ್ನ ಅಳತೆಯ ಜಾಗ ಅದರ ಆಚೆ ದಡದ ಇಳಿಜಾರಿನಲ್ಲಿ, ಹನ್ನೊಂದು ಕಿಲೋಮೀಟರ್ ದೂರ. ಅರಣ್ಯ ಇಲಾಖೆಯ ಒಬ್ಬರು ಹಿಮದ ಮೇಲೆ ಓಡುವ ತಮ್ಮ ಸ್ನೋಮೊಬೈಲಿನ ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದರು. ಹೊಸ ವರ್ಷದಲ್ಲಿ ಅವರಿಗೆ ಬೇರೆ ಊರಿಗೆ ವರ್ಗವಾಯಿತು.

ಅಳತೆ ತಪ್ಪಿ ನನ್ನ ಗ್ರಾಫಿನಲ್ಲಿ ಮೊದಲ ತೂತು ಬಿತ್ತು. ನಂತರ ಇನ್ನೊಂದು. ಸ್ಕೀ ಕಟ್ಟಿಕೊಂಡು ಹೋಗಿ ನೋಡಿದೆ. ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ಒಂಬತ್ತು ಸಲ ಬಿದ್ದು, ಸ್ಕೀಗಳನ್ನು ಹೆಗಲ ಮೇಲೆ ಹೊತ್ತು ನಡೆದು ವಾಪಸು ಬಂದೆ. ಮನೆಯೊಡತಿ ಸೀವ್ ಕಿಟಕಿಯಿಂದ ನೋಡಿದ್ದರು. ಒಣ ಕಾಲುಚೀಲವನ್ನು ಒಲೆಯ ಮೇಲಿನ ಹಗ್ಗದಿಂದ ತೆಗೆದು ಕೊಟ್ಟರು.

ಸೀವ್‌ಗೆ ಐವತ್ತೆಂಟು. ಪಕ್ಕದೂರಿನ ಶಾಲೆಯ ಅಡುಗೆಮನೆಯಲ್ಲಿ ಕೆಲಸ, ಬೆಳಿಗ್ಗೆ ಆರಕ್ಕೆ ಹೋದರೆ ಒಂದಕ್ಕೆ ವಾಪಸು. ಮಾತು ನನಗಿಂತ ಕಡಿಮೆ. ಆ ಸೀಮೆಯವರಿಗೆ ಹೌದು ಎನ್ನಲು ಮಾತೇ ಬೇಕಿಲ್ಲ. ತುಟಿ ಕಿರಿದು ಮಾಡಿ ಒಮ್ಮೆ ಉಸಿರನ್ನು ಒಳಕ್ಕೆ ಎಳೆದುಕೊಳ್ಳುತ್ತಾರೆ. ಮೊದಲ ವಾರ ಅವರಿಗೇನೋ ನೋವಾಗಿದೆ ಎಂದುಕೊಂಡಿದ್ದೆ. ಅವರ ಗಂಡ ಆರ್ನೆ ತೀರಿಕೊಂಡಿದ್ದಾರೆಂದು ಗೊತ್ತಿತ್ತು, ಬಾಗಿಲ ಬಳಿ ಅವರ ಜಾಕೆಟ್ ಇನ್ನೂ ತೂಗುತ್ತಿತ್ತು. ಹೇಗೆ ತೀರಿಕೊಂಡರೆಂದು ನಾನು ಕೇಳಿರಲಿಲ್ಲ. ನನ್ನನ್ನು ಯಾರಾದರೂ ಏನಾದರೂ ಕೇಳಿದರೆ ನನಗೆ ಹಿಡಿಸುವುದಿಲ್ಲ, ಹಾಗಾಗಿ ನಾನೂ ಕೇಳುವುದಿಲ್ಲ.

ಆ ಸಂಜೆ ಊಟದ ತಟ್ಟೆ ಎತ್ತುತ್ತಾ ಅವರೇ ಹೇಳಿದರು. "ಆರ್ನೆಯ ಸ್ಕೂಟರ್ ಇದೆ ಶೆಡ್ಡಿನಲ್ಲಿ. ನಿಂತು ಎರಡು ವರ್ಷ ಆಯ್ತು. ಸರಿ ಹೋದ್ರೆ ನಾನು ಓಡಿಸ್ತೀನಿ, ನಿನಗೆ ಲೈಸೆನ್ಸ್ ಇಲ್ಲವಲ್ಲ."

ಸ್ನೋಮೊಬೈಲಿಗೆ ಅವರು ಸ್ಕೂಟರ್ ಎನ್ನುತ್ತಾರೆ. ನನಗೆ ಮಾತ್ರ ಕಣ್ಣ ಮುಂದೆ ಬಂದದ್ದು ಹಿರಿಯೂರಿನ ನಮ್ಮ ಅಂಗಡಿಯ ಮುಂದೆ ಓರೆಯಾಗಿ ನಿಂತ ಸ್ಕೂಟರುಗಳ ಸಾಲು.

"ನಾನು ನೋಡಬಹುದು," ಎಂದೆ.

ನನ್ನಪ್ಪ ಹಿರಿಯೂರಿನಲ್ಲಿ ಹೆದ್ದಾರಿಯ ಪಕ್ಕ ಬೈಕ್ ರಿಪೇರಿ ಅಂಗಡಿ ಇಟ್ಟವರು. ಬೆಂಗಳೂರಿನ ಕಾಲೇಜಿನಲ್ಲಿ ಯಾರಾದರೂ ಕೇಳಿದರೆ ಅಪ್ಪ ಬಿಸಿನೆಸ್ ಮಾಡುತ್ತಾರೆ ಎನ್ನುತ್ತಿದ್ದೆ. ಅದು ಸುಳ್ಳೇನಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಹತ್ತನೆಯ ತರಗತಿಯವರೆಗೆ ಬೇಸಿಗೆ ರಜೆಯೆಲ್ಲ ಆ ಅಂಗಡಿಯಲ್ಲೇ ಕಳೆದಿದ್ದೆ. ಎಂಜಿನ್ನಿಗೆ ಪೆಟ್ರೋಲ್ ಉಣಿಸುವ ಕಾರ್ಬುರೇಟರ್ ತೊಳೆಯುವುದು ನನ್ನ ಕೆಲಸ, ನನ್ನ ಬೆರಳು ಸಣ್ಣಗಿದ್ದವು.

ಸೀವ್ ಶೆಡ್ಡಿನಲ್ಲಿ ಎರಡು ದಿನ ಹೀಟರ್ ಹಚ್ಚಿಟ್ಟರು. ಮೂರನೆಯ ದಿನ ಬೆಳಕು ಬಂದ ಮೇಲೆ, ಅಂದರೆ ಹತ್ತು ಗಂಟೆಗೆ, ನಾನು ಟಾರ್ಪಾಲ್ ಎಳೆದೆ. ಬಣ್ಣ ಮಾಸಿದ ಹಳದಿ ಗಾಡಿ. ಮುಂದೆ ಎರಡು ಸ್ಕೀ, ಹಿಂದೆ ರಬ್ಬರಿನ ಪಟ್ಟಾ, ಸೀಳು ಬಿಟ್ಟ ಸೀಟು. ಅಂದು ಶಾಲೆಗೆ ರಜೆ ಇದ್ದುದರಿಂದ ಸೀವ್ ಹೊರಗೆ ಬಾಗಿಲ ಮುಂದಿನ ಹಿಮ ಎತ್ತುತ್ತಿದ್ದರು, ಸಲಿಕೆಯ ಸದ್ದು ಕೇಳುತ್ತಿತ್ತು.

ನನ್ನ ಕೈ ಮೊದಲು ಹೋದದ್ದು ಪೆಟ್ರೋಲ್ ಕಾಕ್ ಕಡೆಗೆ. ಟ್ಯಾಂಕಿನಿಂದ ಬರುವ ಪೆಟ್ರೋಲನ್ನು ಬಿಡುವ, ನಿಲ್ಲಿಸುವ ಪುಟ್ಟ ತಿರುಪು. ಸ್ಟಾರ್ಟ್ ಆಗುತ್ತಿಲ್ಲ ಎಂದು ಯಾವ ಗಾಡಿ ಬಂದರೂ ಅಪ್ಪ ಮೊದಲು ನೋಡುವುದು ಅದನ್ನೇ. ಅರ್ಧ ಜನ ಅದನ್ನು ಆನ್ ಮಾಡಲು ಮರೆತೇ ಬಂದಿರುತ್ತಾರೆ. ಈ ಗಾಡಿಯಲ್ಲಿ ಅದು ಸ್ಟೀರಿಂಗಿನ ಕೆಳಗೆ, ಬಾನೆಟ್ಟಿನ ಅಂಚಿನ ಸಂದಿಯಲ್ಲಿ ಕೈ ತೂರಿಸಿದರೆ ಸಿಗುವಂತಿತ್ತು. ಮುಚ್ಚಿತ್ತು. ಕಾಲು ಸುತ್ತು ತಿರುಗಿಸಿ ತೆರೆದೆ. ಎರಡು ಸೆಕೆಂಡಿನ ಕೆಲಸ. ಆಗ ಅದರಲ್ಲಿ ನನಗೆ ವಿಶೇಷವೇನೂ ಕಾಣಲಿಲ್ಲ.

ಹಗ್ಗ ಎಳೆದೆ. ಹದಿನೈದು ಎಳೆತಕ್ಕೆ ಕಾರ್ಬುರೇಟರಿನ ಪೈಪಿನಲ್ಲಿ ಪೆಟ್ರೋಲ್ ಹಳದಿಯಾಗಿ ತೆವಳಿ ಬಂತು, ಎಂಜಿನ್ ಮಾತ್ರ ಮಿಸುಕಲಿಲ್ಲ. ಪ್ಲಗ್ ಬಿಚ್ಚಿ ಎಂಜಿನ್ನಿಗೆ ಒತ್ತಿ ಹಿಡಿದು ಎಳೆದರೆ ನೀಲಿ ಕಿಡಿ ಚೆನ್ನಾಗಿಯೇ ಹಾರಿತು. ಆದರೆ ಪ್ಲಗ್ಗಿನ ತುದಿ ಒಣಗಿತ್ತು. ಕರೆಂಟು ಇದೆ, ಪೆಟ್ರೋಲ್ ಒಳಗೆ ಹೋಗುತ್ತಿಲ್ಲ. ಕಟ್ಟಿಕೊಂಡಿರುವುದು ಕಾರ್ಬುರೇಟರೇ. ಎರಡು ಸಿಲಿಂಡರಿಗೆ ಎರಡು ಕಾರ್ಬುರೇಟರ್. ಒಂದರ ಸಾಮಾನು ಇನ್ನೊಂದಕ್ಕೆ ಸೇರಬಾರದೆಂದು ಒಂದನ್ನು ಮಾತ್ರ ಬಿಚ್ಚಿ ಮನೆಯ ಮೆಟ್ಟಿಲಿಗೆ ತಂದೆ.

ಅಪ್ಪನ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಕಾರ್ಬುರೇಟರಿನ ತಳದಲ್ಲಿ ಪೆಟ್ರೋಲ್ ನಿಲ್ಲುವ ಪುಟ್ಟ ಬಟ್ಟಲನ್ನು ಬಿಚ್ಚುವಾಗ, ಅದರೊಳಗಿನದನ್ನು ಚೆಲ್ಲುವ ಹಾಗಿಲ್ಲ. ಬಿಳಿ ಸಾಸರಿಗೆ ಸುರಿದು ಪಕ್ಕಕ್ಕೆ ಇಡಬೇಕು. ಗಿರಾಕಿ ಬಂದ ಮೇಲೆ ತೋರಿಸಬೇಕು: ಇಗೋ ನಿಮ್ಮ ಗಾಡಿಯ ಕಸ, ಇದರಿಂದ ನಿಂತದ್ದು. ಕಸ ತೋರಿಸದೆ ಗಾಡಿ ಕೊಡಬಾರದು ಎನ್ನುವುದು ಅಪ್ಪನ ಹಟ. ನಾನು ಸೀವ್ ಹತ್ತಿರ ಒಂದು ಬಿಳಿ ಸಾಸರ್ ಕೇಳಿ ತೆಗೆದುಕೊಂಡೆ. ಬಟ್ಟಲಿನಲ್ಲಿದ್ದುದನ್ನು ಅದಕ್ಕೆ ಸುರಿದು ಅಡುಗೆಮನೆಯ ಕಿಟಕಿಯ ಹೊರಗಿನ ಕಟ್ಟೆಯ ಮೇಲಿಟ್ಟೆ.

ಬಟ್ಟಲಿನ ಗೋಡೆಗೆ ಹಸಿರು ಬಣ್ಣದ ಗಟ್ಟಿ ಅಂಟು ಹಿಡಿದಿತ್ತು. ಬಿಚ್ಚಿದ ಕ್ರಮದಲ್ಲೇ ತಿರುಪುಗಳನ್ನು ಅಡುಗೆಮನೆಯ ಮೇಜಿನ ಮೇಲೆ ಹಳೇ ಪೇಪರ್ ಹಾಸಿ ಜೋಡಿಸಿದೆ. ಹೊಸ ಪೆಟ್ರೋಲಿನಲ್ಲಿ ಮೆಟ್ಟಿಲ ಮೇಲೆ ಕೂತು ತೊಳೆಯುವುದು, ಬೆರಳು ಮರಗಟ್ಟಿದಾಗ ಒಳಗೆ ಬಂದು ಒರೆಸುವುದು. ಪೆಟ್ರೋಲ್ ಹಾಯುವ ಜೆಟ್‌ಗಳಲ್ಲಿ ಚಿಕ್ಕದರ ತೂತು ಕೂದಲೆಳೆಯಷ್ಟು. ಅದಕ್ಕೆ ತಂತಿ ಹಾಕಿದರೆ ತೂತು ಅಗಲವಾಗಿ ಜೆಟ್ ಕೆಡುತ್ತದೆ. ಪೇಂಟ್ ಬ್ರಷ್ಷಿನ ಒಂದು ಕೂದಲು ಕಿತ್ತು ಅದರಿಂದ ತಿವಿಯುತ್ತಾ, ಬಾಯಿಂದ ಊದುತ್ತಾ, ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾ ಕೂತೆ. ಎಷ್ಟೋ ಹೊತ್ತಿನ ಮೇಲೆ ಹಿತ್ತಾಳೆಯ ನಡುವೆ ಸೂಜಿಮೊನೆಯಷ್ಟು ಬೆಳಕು ಕಾಣಿಸಿತು. ನಾಲಿಗೆಯ ಮೇಲೆ ಪೆಟ್ರೋಲಿನ ರುಚಿ. ಎಂಟೊಂಬತ್ತು ವರ್ಷಗಳಿಂದ ಮರೆತಿದ್ದ ರುಚಿ.

ಸೀವ್ ಮೇಜಿನ ಆಚೆ ಬದಿಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದರು. ಇದನ್ನು ವಿಶ್ವವಿದ್ಯಾಲಯದಲ್ಲಿ ಕಲಿಸುತ್ತಾರಾ ಎಂದು ಕೇಳಿದರು. ಇಲ್ಲ, ನನ್ನಪ್ಪ ಮೆಕ್ಯಾನಿಕ್, ಎಂದೆ. ಯಾರಿಗಾದರೂ ಅದನ್ನು ಅಷ್ಟು ನೇರವಾಗಿ ಹೇಳಿದ್ದು ಅದೇ ಮೊದಲು. ಅವರು ಉಸಿರನ್ನು ಒಳಕ್ಕೆ ಎಳೆದುಕೊಂಡು ಆಲೂಗಡ್ಡೆಯ ಕಡೆ ತಿರುಗಿದರು.

ಮರುದಿನ ಮಧ್ಯಾಹ್ನ ಕೆಲಸದಿಂದ ಬಂದವರು ಕೋಟು ಕೂಡ ಬಿಚ್ಚದೆ ಆ ಸಾಸರನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ಬಂದರು. ಹಳದಿ ಪೆಟ್ರೋಲಿನ ತಳದಲ್ಲಿ ನಾಣ್ಯದಷ್ಟಗಲದ ಮಂಜುಗಡ್ಡೆಯೊಂದು ಅಂಟಿಕೊಂಡಿತ್ತು.

"ಇದೇನು?"

"ನೀರು. ಪೆಟ್ರೋಲಿನ ಜೊತೆ ಇದ್ದದ್ದು. ಹೊರಗಿಟ್ಟಿದ್ದಕ್ಕೆ ಗಟ್ಟಿಯಾಗಿದೆ."

"ಒಳಗೆ ನೀರಿದ್ರೆ ಗಾಡಿ ಓಡ್ತಾ ಓಡ್ತಾ ನಿಲ್ಲುತ್ತಾ?"

"ನಿಲ್ಲಬಹುದು."

ಅವರು ಕುರ್ಚಿ ಎಳೆದು ಕೂತರು. ಆಮೇಲೆ ಹೇಳಿದ್ದು ಬಹುಶಃ ಹತ್ತು ನಿಮಿಷ. ಆ ಮನೆಯಲ್ಲಿ ನಾನು ಕೇಳಿದ ಅತಿ ಉದ್ದದ ಮಾತು ಅದು.

ಎರಡು ವರ್ಷದ ಹಿಂದಿನ ಮಾರ್ಚಿನಲ್ಲಿ ಆರ್ನೆ ಮಧ್ಯಾಹ್ನದ ಊಟ ಮುಗಿಸಿ ಸರೋವರದ ಮಂಜಿನಲ್ಲಿ ತೂತು ಕೊರೆದು ಇಳಿಬಿಟ್ಟಿದ್ದ ಮೀನಿನ ಗಾಳ ನೋಡಿ ಬರುತ್ತೇನೆಂದು ಹೊರಟರು. ಸಂಜೆ ಗಾಳಿ ಎದ್ದಿತು. ಅವರು ಬರಲಿಲ್ಲ. ಮರುದಿನ ಊರಿನವರಿಗೆ ಗಾಡಿ ಸರೋವರದ ನಟ್ಟನಡುವೆ ಸಿಕ್ಕಿತು, ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲ್ ಇತ್ತು. ಆರ್ನೆ ಸಿಕ್ಕಿದ್ದು ಆಚೆ ದಡದಲ್ಲಿ, ಕಾಡಿನ ಅಂಚಿನ ಒಂದು ಮರಕ್ಕೆ ಒರಗಿ ಕೂತಂತೆ. ಊರು ಇದ್ದದ್ದು ಈಚೆ ದಡದಲ್ಲಿ. ಗಾಡಿ ಕೆಟ್ಟಿತು, ಗಾಳಿಯಲ್ಲಿ ದಿಕ್ಕು ತಪ್ಪಿತು ಎಂದು ಪೊಲೀಸರು ಬರೆದುಕೊಂಡರು. ಊರಿನವರು ಗಾಡಿಯನ್ನು ಎಳೆದು ತಂದು ಅಂಗಳದಲ್ಲಿ ಬಿಟ್ಟರು. ಶೆಡ್ಡಿಗೆ ತಳ್ಳಿ ಟಾರ್ಪಾಲ್ ಹೊದಿಸಿದ್ದು ಸೀವ್ ಒಬ್ಬರೇ. ಆ ದಿನದ್ದು ಬೇರೇನೂ ನೆನಪಿಲ್ಲ ಎಂದರು. ಆಮೇಲೆ ಅದನ್ನು ಮುಟ್ಟಿರಲಿಲ್ಲ.

ಅದರ ಹಿಂದಿನ ಚಳಿಗಾಲವೆಲ್ಲ ಆರ್ನೆ ಶೆಡ್ಡಿನಲ್ಲಿ ಸುಮ್ಮನೆ ಕೂತಿರುತ್ತಿದ್ದರಂತೆ. ದೀಪ ಹಾಕದೆ. ಏನಾಯಿತೆಂದು ಸೀವ್ ಕೇಳಿರಲಿಲ್ಲ.

"ಗಾಡಿ ತಾನಾಗಿ ನಿಂತಿತಾ, ಇಲ್ಲ ಅವನೇ ನಿಲ್ಲಿಸಿದ್ನಾ," ಎಂದರು. "ಅದೊಂದು ಗೊತ್ತಾದ್ರೆ ಸಾಕು ನನಗೆ. ತಾನಾಗಿ ನಿಂತಿದ್ರೆ ನಾನು ಅದರ ಮೇಲೆ ಕೂರಬಲ್ಲೆ."

ಮತ್ತೆ ಸಾಸರನ್ನು ನೋಡಿದರು. "ನೀರು," ಎಂದರು, ಹೊಸ ಪದ ಕಲಿತವರ ಹಾಗೆ. ಚೆಲ್ಲಲಿಲ್ಲ. ತೆಗೆದುಕೊಂಡು ಹೋಗಿ ಅದೇ ಕಟ್ಟೆಯ ಮೇಲೆ ಇಟ್ಟು ಬಂದರು.

ನಾನು ಆಗಲೇ ಹೇಳಬೇಕಿತ್ತು. ಎರಡು ವರ್ಷ ನಿಂತ ಬಟ್ಟಲಿನಲ್ಲಿ ಒಂದು ಹನಿಯೂ ಉಳಿಯುವುದಿಲ್ಲ, ಒಣಗಿ ಹಸಿರು ಅಂಟಾಗುತ್ತದೆ. ಸಾಸರಿನಲ್ಲಿದ್ದದ್ದು ನಾನು ಕಾಕ್ ತೆರೆದು ಹಗ್ಗ ಎಳೆದಾಗ ಟ್ಯಾಂಕಿನಿಂದ ಇಳಿದದ್ದು. ಅರ್ಧ ಖಾಲಿ ಟ್ಯಾಂಕಿನಲ್ಲಿ ಎರಡು ವರ್ಷ ಬೆವರಿದ ನೀರು. ಆ ಮಾರ್ಚಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಇಷ್ಟೂ ನನಗೆ ಆ ಮೇಜಿನ ಮುಂದೆ ಕೂತಾಗಲೇ ಗೊತ್ತಿತ್ತು. ಅಳತೆಯಲ್ಲಿ ಒಂದು ಗ್ರಾಂ ಹೆಚ್ಚು ಕಡಿಮೆಯಾದರೂ ಪಕ್ಕದಲ್ಲಿ ಟಿಪ್ಪಣಿ ಬರೆಯುವವಳು ನಾನು. ಅಂದು ಪೇಪರಿನ ಮೇಲಿನ ತಿರುಪುಗಳನ್ನು ಇನ್ನೊಮ್ಮೆ ಸಾಲು ಮಾಡಿದೆ.

ಭಾನುವಾರ ಅಪ್ಪನಿಗೆ ಫೋನ್ ಮಾಡಿದೆ. ವಿಷಯ ಕೇಳಿ ಅವರಿಗೆ ನಗು ತಡೆಯಲಾಗಲಿಲ್ಲ.

"ಏನಮ್ಮಾ ಎಂಜಿನಿಯರ್ರೇ, ಎರಡೆರಡು ಡಿಗ್ರಿ ಮಾಡಿ, ವಿಮಾನ ಹತ್ತಿ ಹೋಗಿ, ಕೊನೆಗೆ ಅಪ್ಪನ ಕಸುಬಿಗೇ ಕೈ ಹಾಕಿದ್ಯಲ್ಲ. ಜೆಟ್ಟಿಗೆ ತಂತಿ ಹಾಕಿಲ್ಲ ತಾನೇ?"

"ಇಲ್ಲಪ್ಪ. ಬ್ರಷ್ಷಿನ ಕೂದಲು."

"ಭೇಷ್. ಫಸ್ಟು ಕಾಕ್ ನೋಡಿದ್ಯಾ?"

"ನೋಡಿದೆ. ಆಫ್ ಇತ್ತು. ಆನ್ ಮಾಡಿ..."

ಗಾಳಿಯ ನಡುವೆ ಕೆಟ್ಟು ನಿಂತ ಗಾಡಿಯನ್ನು ಬಿಟ್ಟು ಓಡುವವನು ಪೆಟ್ರೋಲ್ ಯಾಕೆ ಮುಚ್ಚುತ್ತಾನೆ? ಹುಡುಕಲು ಹೋದವರಿಗೆ ಆ ಸಂದಿಯಲ್ಲಿ ಕಾಕ್ ಇದೆಯೆಂದು ಗೊತ್ತಿರುವುದೂ ಅನುಮಾನ. ಅಪ್ಪ ಎರಡು ಸಲ ಹಲೋ ಎಂದ ಮೇಲೆ ನಾನು ಆರ್ನೆಯ ವಿಷಯವನ್ನೆಲ್ಲ ಹೇಳಿದೆ. ಅವರ ನಗು ನಿಂತಿತು.

"ನೋಡು ಪುಟ್ಟಿ," ಎಂದರು. "ಕೆಲಸ ಮುಗೀತು ಅಂತಾನೂ ಕಾಕ್ ಆಫ್ ಮಾಡ್ತಾರೆ. ಪೆಟ್ರೋಲ್ ಹೆಚ್ಚಾಗಿ ಎಂಜಿನ್ ಕಟ್ಕೊಂಡ್ರೆ, ಅದು ಒಣಗ್ಲಿ ಅಂತಾನೂ ಆಫ್ ಮಾಡಿ ಕಿಕ್ ಹೊಡೀತಾರೆ. ಕಾಕ್ ನೋಡಿ ಮನುಷ್ಯನ ಮನಸ್ಸು ಹೇಳಕ್ಕಾಗಲ್ಲ ಕಣಮ್ಮ."

"ಅವರಿಗೆ ಏನಂತ ಹೇಳ್ಲಿ?"

"ಏನಂತ ಅಂದ್ರೆ? ಕಂಡಿದ್ದನ್ನ ಕಂಡಂಗೆ ಹೇಳು. ಕಸ ತೋರಿಸ್ದೆ ಗಾಡಿ ಕೊಡಬಾರ್ದು."

ನಾನು ಹೇಳಲಿಲ್ಲ. ಸೀವ್ ಕೇಳಲೂ ಇಲ್ಲ. ಎರಡನೆಯ ಕಾರ್ಬುರೇಟರನ್ನೂ ತೊಳೆದು ಜೋಡಿಸಿದೆ. ಹಳೆಯ ಪೆಟ್ರೋಲನ್ನು ಟ್ಯಾಂಕಿನಿಂದ ತೆಗೆದು ಹೊಸದು ಹಾಕಿದೆವು. ಬುಧವಾರ ಮಧ್ಯಾಹ್ನ ಎರಡು ಗಂಟೆಗೆ ನಾಲ್ಕನೆಯ ಎಳೆತಕ್ಕೆ ಒಂದು ಸಿಲಿಂಡರ್, ಏಳನೆಯದಕ್ಕೆ ಎರಡೂ ಹೊತ್ತಿಕೊಂಡವು. ಶೆಡ್ಡಿನ ತುಂಬ ನೀಲಿ ಹೊಗೆ. ಸೀವ್ ಬಾಗಿಲಲ್ಲಿ ನಿಂತು ಅದನ್ನೇ ನೋಡುತ್ತಿದ್ದರು. ಹೊಗೆಯೊಳಗಿಂದ ಇನ್ನೊಬ್ಬರು ಎದ್ದು ಬರುತ್ತಾರೇನೋ ಎಂದು ನನಗೂ ಒಂದು ಗಳಿಗೆ ಅನ್ನಿಸಿತು. ಆಮೇಲೆ ಅವರು ಬಂದು ಸೀಟಿನ ಮೇಲೆ ಕೂತರು. ಕೂತರು ಎಂಬುದನ್ನೇ ನಾನು ನನ್ನ ಮೌನಕ್ಕೆ ಸಮರ್ಥನೆ ಮಾಡಿಕೊಂಡೆ.

ಫೆಬ್ರವರಿಯೆಲ್ಲ ಹಾಗೆ ನಡೆಯಿತು. ವಾರಕ್ಕೆ ಎರಡು ದಿನ ಅವರು ಕೆಲಸದಿಂದ ಬಂದ ಕೂಡಲೇ ಹೊರಡುತ್ತಿದ್ದೆವು. ನಾನು ಹಿಂದೆ, ತೊಡೆಯ ಮೇಲೆ ತಕ್ಕಡಿಯ ಪೆಟ್ಟಿಗೆ. ಅವರು ಸರೋವರಕ್ಕೆ ಅಡ್ಡ ಹಾಯುತ್ತಿರಲಿಲ್ಲ. ಉತ್ತರ ದಡವನ್ನು ಬಳಸಿ, ನಾಲ್ಕು ಕಿಲೋಮೀಟರ್ ಹೆಚ್ಚು ಸುತ್ತಿ ಹೋಗುತ್ತಿದ್ದರು. ನಾನು ಅಗೆದು ತೂಗುವಷ್ಟು ಹೊತ್ತು ಎಂಜಿನ್ ಆರಿಸಿ ಸೀಟಿನ ಮೇಲೆ ಕೂತು ಫ್ಲಾಸ್ಕಿನ ಕಾಫಿ ಕುಡಿಯುತ್ತಿದ್ದರು. ಬಿಸಿಲು ದಿನದಿನಕ್ಕೂ ಮರಗಳ ಕೆಳಗಿನ ಕೊಂಬೆಯವರೆಗೆ ಇಳಿಯುತ್ತಿತ್ತು. ಗ್ರಾಫಿನಲ್ಲಿ ತೂತು ಬೀಳಲಿಲ್ಲ. ವಾಪಸು ಬಂದಾಗ ನಾನು ಪೆಟ್ಟಿಗೆ ಹಿಡಿದು ಮನೆಯ ಮುಂದೆ ಇಳಿಯುತ್ತಿದ್ದೆ, ಅವರು ಗಾಡಿಯನ್ನು ಶೆಡ್ಡಿಗೆ ಒಯ್ಯುತ್ತಿದ್ದರು.

ಕಿಟಕಿಯ ಕಟ್ಟೆಯ ಮೇಲೆ ಸಾಸರ್ ಹಾಗೇ ಇತ್ತು. ಪೆಟ್ರೋಲ್ ಹಾರಿಹೋಗಿ ಬರೀ ಮಂಜುಗಡ್ಡೆ ಉಳಿದಿತ್ತು. ದಿನವೂ ಪಾತ್ರೆ ತೊಳೆಯುವಾಗ ಕಣ್ಣಿಗೆ ಬೀಳುತ್ತಿತ್ತು. ಮಾರ್ಚಿನ ಎರಡನೆಯ ವಾರ ಒಂದು ಮಧ್ಯಾಹ್ನ ಅದು ಕರಗಿ, ಆರಿ, ಸಾಸರಿನಲ್ಲಿ ಏನೂ ಉಳಿದಿರಲಿಲ್ಲ. ಸೀವ್ ಅದನ್ನು ತೊಳೆದು ಬೀರುವಿಗೆ ಸೇರಿಸಿದರು.

ಕೊನೆಯ ಅಳತೆಯ ದಿನ ಅವರು ಉತ್ತರಕ್ಕೆ ತಿರುಗಲಿಲ್ಲ. ನೇರ ಸರೋವರಕ್ಕೆ ಇಳಿಸಿದರು. ನಡುವೆ ಬಂದಾಗ ಎಂಜಿನ್ ಆರಿಸಿದರು. ಅಷ್ಟು ಬಯಲು, ಅಷ್ಟು ಬಿಳುಪು, ಕಣ್ಣು ಬಿಡಲಾಗದ ಬಿಸಿಲು. ಎಲ್ಲೋ ಆಳದಲ್ಲಿ ಮಂಜು ಬಿರಿಯುವ ಸದ್ದು ಬಂದು ನಮ್ಮ ಕೆಳಗೆ ಹಾದು ಹೋಯಿತು.

ಇಲ್ಲೇ ಗಾಡಿ ಸಿಕ್ಕಿದ್ದು ಎಂದು ಅವರು ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ.

"ವೀಣಾ," ಎಂದರು, ತಿರುಗದೆ. "ನೀನು ಮೊದಲ ದಿನ ಟಾರ್ಪಾಲ್ ತೆಗೆದಾಗ ಪೆಟ್ರೋಲಿನ ತಿರುಪು ಹೇಗಿತ್ತು? ತೆರೆದಿತ್ತಾ, ಮುಚ್ಚಿತ್ತಾ?"

ನಾನು ತಕ್ಕಡಿಯ ಪೆಟ್ಟಿಗೆಯನ್ನು ತೊಡೆಯ ಮೇಲೆ ಸರಿಮಾಡಿಕೊಂಡೆ.

"ದಿನದ ಕೆಲಸ ಪೂರ್ತಿ ಮುಗಿದ ಮೇಲೆ ಮಾತ್ರ ಅವನು ಅದನ್ನ ಮುಚ್ತಿದ್ದ," ಎಂದರು. "ನಡುವೆ ನಿಲ್ಲಿಸಿದ್ರೆ ಮುಟ್ತಿರಲಿಲ್ಲ. ನಾನು ಮರೆತ್ರೆ ಬೈಯ್ತಿದ್ದ. ನೀನು ನೀರು ತೋರಿಸಿದೆ. ಆದ್ರೂ ಇದೊಂದು ಮನಸ್ಸಲ್ಲೇ ಉಳಿದಿದೆ."

ನನ್ನ ಮುಂದೆ ಅವರ ಬೆನ್ನು, ಹೆಣೆದ ಟೋಪಿ, ಟೋಪಿಯಿಂದ ಹೊರಬಂದ ಬಿಳಿ ಕೂದಲು. ಅಪ್ಪ ಹೇಳಿದ ಎರಡು ಕಾರಣವನ್ನೂ ನಾನು ಸ್ವೀಡಿಷ್‌ನಲ್ಲಿ ಮನಸ್ಸಿನಲ್ಲೇ ಜೋಡಿಸಿದೆ. ಮುಚ್ಚಿತ್ತು, ಆದರೆ ಅದರಿಂದ ಏನನ್ನೂ ಹೇಳಲಾಗದು, ಯಾಕೆಂದರೆ. ಆ ವಾಕ್ಯ ನನಗೆ ಬರುತ್ತಿತ್ತು, ವ್ಯಾಕರಣವೂ ಸರಿಯಿತ್ತು. ಆದರೆ ಮೊದಲ ಪದ ಕೇಳಿದ ಮೇಲೆ ಉಳಿದದ್ದು ಅವರ ಕಿವಿಗೆ ಬೀಳುವುದಿಲ್ಲ ಎನ್ನಿಸಿತು.

"ತೆರೆದಿತ್ತು," ಎಂದೆ.

ಅವರು ಉಸಿರನ್ನು ಒಳಕ್ಕೆ ಎಳೆದುಕೊಂಡರು. ಎಂದಿನ ಹೌದಿಗಿಂತ ಉದ್ದವಾಗಿ. ಆಚೆ ದಡದ ಕಾಡನ್ನು ಸ್ವಲ್ಪ ಹೊತ್ತು ನೋಡಿದರು.

"ಹಾಗಾದ್ರೆ ಅವನು ಮುಗಿಸಿರಲಿಲ್ಲ," ಎಂದರು.

ಹಗ್ಗ ಎಳೆದರು. ಮೊದಲ ಎಳೆತಕ್ಕೇ ಹೊತ್ತಿಕೊಂಡಿತು.

ಅಳತೆ ಮುಗಿಸಿ, ಹಿಮದ ಆಳ ನೋಡಲು ಅಲ್ಲಿ ನೆಟ್ಟಿದ್ದ ಕಂಬ ಕಿತ್ತು, ಅದೇ ದಾರಿಯಲ್ಲಿ ವಾಪಸು ಬಂದೆವು. ಕಂಬ ಉದ್ದವಿದ್ದುದರಿಂದ ಶೆಡ್ಡಿನಲ್ಲಿ ಇಡಬೇಕಿತ್ತು. ಹಾಗಾಗಿ ಅಂದು ಮಾತ್ರ ನಾನು ಮನೆಯ ಮುಂದೆ ಇಳಿಯದೆ ಅವರೊಂದಿಗೆ ಒಳಗೆ ಹೋದೆ. ಸೀವ್ ಎಂಜಿನ್ ಆರಿಸಿದರು. ಮುಖ ಹಗುರಾಗಿತ್ತು. ನಾನು ಹೊರಡುವ ಮುನ್ನ ಒಂದು ದಿನ ಮೀನು ಮಾಡುವುದಾಗಿ, ನನಗೆ ಹಸಿಮೆಣಸಿನಕಾಯಿ ಬೇಕಿದ್ದರೆ ಬಸ್ಸಿನವನ ಹತ್ತಿರ ಪೇಟೆಯಿಂದ ತರಿಸಬಹುದೆಂದು ಹೇಳುತ್ತಿದ್ದರು. ಹೇಳುತ್ತಾ ಹೇಳುತ್ತಾ, ನನ್ನ ಕಡೆಯೇ ನೋಡುತ್ತಾ, ಗಾಡಿಯಿಂದ ಇಳಿದರು. ಇಳಿಯುವಾಗ ಅವರ ಬಲಗೈ ಸ್ಟೀರಿಂಗಿನ ಕೆಳಗಿನ ಸಂದಿಗೆ ಹೋಯಿತು. ಕಾಕನ್ನು ಕಾಲು ಸುತ್ತು ತಿರುಗಿಸಿತು. ಹೊರಬಂದು ಟಾರ್ಪಾಲಿನ ಅಂಚು ಹಿಡಿಯಿತು. ಮಾತು ಒಂದು ಕ್ಷಣವೂ ನಿಂತಿರಲಿಲ್ಲ.

"ಏನು?" ಎಂದರು. ನಾನು ಅವರ ಕೈಯನ್ನೇ ನೋಡುತ್ತಿದ್ದೆ.

ಎರಡು ವರ್ಷದ ಹಿಂದೆ ಇದೇ ಶೆಡ್ಡಿಗೆ ಗಾಡಿ ತಳ್ಳಿ, ಇದೇ ಟಾರ್ಪಾಲ್ ಹೊದಿಸುವ ಮೊದಲು, ಆ ಕೈ ಇದನ್ನೇ ಮಾಡಿತ್ತೇ? ಕೇಳಬಹುದಿತ್ತು. ಕೇಳಬೇಕಾದರೆ ಅದು ಮುಚ್ಚಿತ್ತೆಂದು ಮೊದಲು ಹೇಳಬೇಕಿತ್ತು.

"ಏನಿಲ್ಲ," ಎಂದು ಟಾರ್ಪಾಲಿನ ಇನ್ನೊಂದು ಅಂಚು ಹಿಡಿದೆ.